ಷಾಪ್ತಾಲ್ ಬೀದಿಯ ಮನೆ: ಪ್ಯಾರಿಸ್ಸಿನ ರಮ್ಯಜೀವನ ಸಂಗ್ರಹಾಲಯ

ಫ್ರಾನ್ಸಿನ ರಾಜಧಾನಿ ಪ್ಯಾರಿಸ್ ನಗರದ ಒಂಬತ್ತನೆಯ ಆಡಳಿತ ವಿಭಾಗದಲ್ಲಿ, ಮೋಂಮಾರ್ತ್ರ ಗುಡ್ಡದ ತಪ್ಪಲಿನಲ್ಲಿ ಷಾಪ್ತಾಲ್ ಎಂಬ ಸಣ್ಣ ಬೀದಿಯಿದೆ. ಆ ಬೀದಿಯ 16ನೇ ಸಂಖ್ಯೆಯ ಹೆಬ್ಬಾಗಿಲು ದಾಟಿದರೆ ಮರಗಳ ನೆರಳಿನ ಕಿರುದಾರಿ, ಕಲ್ಲು ಹಾಸಿದ ಅಂಗಳ, ಅದರಾಚೆ ಹಸಿರು ಕಿಟಕಿಬಾಗಿಲುಗಳ ಎರಡಂತಸ್ತಿನ ಮನೆ ಕಾಣುತ್ತದೆ. ಇದೇ ‘ಮ್ಯೂಸೆ ದ ಲಾ ವೀ ರೊಮಾಂತೀಕ್’, ಅಂದರೆ ರಮ್ಯಜೀವನ ಸಂಗ್ರಹಾಲಯ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ಚಿತ್ರಕಲೆ, ಸಂಗೀತ, ಸಾಹಿತ್ಯಗಳನ್ನು ಆವರಿಸಿದ ರೊಮ್ಯಾಂಟಿಕ್ ಪಂಥವನ್ನು ಕನ್ನಡ ವಿಮರ್ಶೆಯು ‘ರಮ್ಯ’ ಎಂಬ ಮಾತಿನಿಂದ ಗುರುತಿಸುತ್ತ ಬಂದಿದೆ. ಆ ಪಂಥದ ಕಲಾವಿದರು ಬಾಳಿದ, ಕೂಡಿ ಹರಟಿದ, ಹಾಡಿದ ವಾತಾವರಣವನ್ನು ತೋರಿಸುವುದಕ್ಕಾಗಿ ಈ ಮನೆ ಮೀಸಲಾಗಿದೆ.

ಸಾಮಾನ್ಯವಾಗಿ ಕಲಾವಿದನ ಮನೆ ಸಂಗ್ರಹಾಲಯವಾಗುವುದು ಆ ಕಲಾವಿದನ ಕೀರ್ತಿಯಿಂದ. ಇಲ್ಲಿ ನಡೆದಿರುವುದು ಬೇರೆ. ಮನೆಯಲ್ಲಿ ಇಪ್ಪತ್ತೆಂಟು ವರ್ಷ ವಾಸವಾಗಿದ್ದ ಚಿತ್ರಕಾರ ಆರಿ ಶೆಫರ್‌ನ ಹೆಸರು ಇಂದು ಕಲಾ ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಪರಿಚಿತ. ಅವನ ಅತಿಥಿಗಳಾಗಿದ್ದ ಸಂಗೀತಗಾರರು, ಲೇಖಕರು ಜಗದ್ವಿಖ್ಯಾತರು. ಒಡೆಯನ ಕೀರ್ತಿ ಮಸುಕಾದ ಮೇಲೂ ಮನೆ ಅಳಿಯದೆ ಉಳಿದುದಕ್ಕೆ ಅವನ ಕುಟುಂಬದ ಹೆಣ್ಣುಮಕ್ಕಳ ನಿಷ್ಠೆಯೇ ಮುಖ್ಯ ಕಾರಣ.

ನವ ಅಥೆನ್ಸ್ ಎಂಬ ಬಡಾವಣೆ

1820ರ ದಶಕದಲ್ಲಿ ಪ್ಯಾರಿಸ್ ನಗರ ಉತ್ತರದ ಇಳಿಜಾರುಗಳತ್ತ ಬೆಳೆಯತೊಡಗಿತು. ಹಳೆಯ ತೋಟಗಳೂ ಮಠದ ಜಮೀನುಗಳೂ ನಿವೇಶನಗಳಾದವು. ಅಲ್ಲಿ ಎದ್ದ ಮನೆಗಳು ಪ್ರಾಚೀನ ಗ್ರೀಸಿನ ವಾಸ್ತುರೀತಿಯನ್ನು ನೆನಪಿಸುತ್ತಿದ್ದವು. ಅದೇ ಕಾಲದಲ್ಲಿ ಗ್ರೀಕರು ತುರ್ಕಿ ಸಾಮ್ರಾಜ್ಯದ ವಿರುದ್ಧ ಸ್ವಾತಂತ್ರ್ಯ ಸಮರ ಸಾರಿದ್ದರಿಂದ ಫ್ರೆಂಚರಲ್ಲಿ ಗ್ರೀಸಿನ ಬಗ್ಗೆ ಅಭಿಮಾನ ಉಕ್ಕಿತ್ತು. ಈ ಎರಡೂ ಕಾರಣಗಳಿಂದ ಬಡಾವಣೆಗೆ ‘ನವ ಅಥೆನ್ಸ್’ ಎಂಬ ಹೆಸರು ಬಂತು.

ಬಾಡಿಗೆ ಕಡಿಮೆ, ಗಾಳಿ ಬೆಳಕು ಹೆಚ್ಚು, ರಂಗಮಂದಿರಗಳು ಹತ್ತಿರ. ಹೀಗಾಗಿ ನಟರು, ಗಾಯಕರು, ಚಿತ್ರಕಾರರು ಒಬ್ಬರ ಹಿಂದೊಬ್ಬರು ಇಲ್ಲಿ ಬಂದು ನೆಲೆಸಿದರು. ಪೋಲೆಂಡಿನ ಸಂಗೀತಗಾರ ಫ್ರೆಡೆರಿಕ್ ಶೋಪ್ಯಾನ್ ಹಾಗೂ ಫ್ರೆಂಚ್ ಕಾದಂಬರಿಕಾರ್ತಿ ಜಾರ್ಜ್ ಸ್ಯಾಂಡ್ 1842ರಿಂದ ಸಮೀಪದ ‘ಸ್ಕ್ವೇರ್ ದೋರ್ಲೆಯಾಂ’ ವಠಾರದಲ್ಲಿ ಬೇರೆ ಬೇರೆ ಮನೆಗಳಲ್ಲಿ ವಾಸವಾಗಿದ್ದರು. ಅಲ್ಲಿಂದ ಷಾಪ್ತಾಲ್ ಬೀದಿಗೆ ಕಾಲ್ನಡಿಗೆಯಲ್ಲಿ ಕೆಲವೇ ನಿಮಿಷ. ಶೆಫರ್ ಈ ಬೀದಿಯಲ್ಲಿ 1830ರಲ್ಲಿ ಕಟ್ಟಲಾದ ಹೊಸ ಮನೆಯನ್ನು ಅದೇ ವರ್ಷ ಬಾಡಿಗೆಗೆ ಹಿಡಿದ. ಅಂಗಳದ ಎರಡು ಬದಿಗಳಲ್ಲಿ ಎರಡು ಚಿತ್ರಶಾಲೆಗಳಿದ್ದವು. ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗದೆ ಸಮನಾಗಿರುವುದರಿಂದ ಚಿತ್ರಕಾರರು ಆ ದಿಕ್ಕಿನ ಬೆಳಕನ್ನೇ ಬಯಸುತ್ತಾರೆ. ಅದಕ್ಕೆ ತಕ್ಕಂತೆ ಈ ಚಿತ್ರಶಾಲೆಗಳಿಗೆ ಗಾಜಿನ ಮಾಡುಗಳನ್ನು ಹೊದಿಸಲಾಗಿತ್ತು.

ಮನೆಯ ಒಡೆಯ

ಆರಿ ಶೆಫರ್ ಹುಟ್ಟಿದ್ದು ಹಾಲೆಂಡಿನ ಡೋರ್ಡ್ರೆಕ್ಟ್ ಪಟ್ಟಣದಲ್ಲಿ, 1795ರಲ್ಲಿ. ತಂದೆ ಯೋಹಾನ್ ಬ್ಯಾಪ್ಟಿಸ್ಟ್ ಹಾಗೂ ತಾಯಿ ಕಾರ್ನೇಲಿಯಾ ಲಾಮ್ಮೆ ಇಬ್ಬರೂ ಚಿತ್ರಕಾರರು. 1809ರಲ್ಲಿ ತಂದೆ ತೀರಿಕೊಂಡರು. ವಿಧವೆಯಾದ ತಾಯಿ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಪ್ಯಾರಿಸ್ಸಿಗೆ ಬಂದು ನೆಲೆಸಿದಳು. ಅಲ್ಲಿ ಶೆಫರ್ ಪಿಯೇರ್ ನಾರ್ಸಿಸ್ ಗೆರ್ಯಾನ್ ಎಂಬ ಗುರುವಿನ ಬಳಿ ಅಭ್ಯಾಸ ಮಾಡಿದ. ಮುಂದೆ ಫ್ರೆಂಚ್ ರಮ್ಯ ಚಿತ್ರಕಲೆಯ ಇಬ್ಬರು ಮಹಾಪುರುಷರೆನಿಸಿದ ಜೆರಿಕೋ ಮತ್ತು ಡೆಲಾಕ್ರಾ ಕೂಡ ಇದೇ ಗುರುವಿನ ಶಿಷ್ಯರು.

1822ರಲ್ಲಿ ಓರ್ಲೆಯಾಂ ಸಂಸ್ಥಾನದ ಡ್ಯೂಕ್ ಲೂಯಿ ಫಿಲಿಪ್ ತನ್ನ ಮಕ್ಕಳಿಗೆ ಚಿತ್ರ ಕಲಿಸಲು ಶೆಫರ್‌ನನ್ನು ನೇಮಿಸಿದ. ಈ ನಂಟು ಶೆಫರ್‌ನ ಬದುಕಿನ ಗತಿಯನ್ನೇ ನಿರ್ಧರಿಸಿತು. ಶಿಷ್ಯೆಯರಲ್ಲಿ ಒಬ್ಬಳಾದ ರಾಜಕುಮಾರಿ ಮರೀ ಶಿಲ್ಪಿಯಾಗಿ ಹೆಸರು ಮಾಡಿ 1839ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡಳು.

1827ರಲ್ಲಿ ಶೆಫರ್ ‘ಸೂಲಿಯ ಸ್ತ್ರೀಯರು’ ಎಂಬ ದೊಡ್ಡ ಚಿತ್ರವನ್ನು ಬರೆದ. ಶತ್ರುಗಳ ಕೈಗೆ ಸಿಕ್ಕುವುದಕ್ಕಿಂತ ಕಡಿಬಂಡೆಯಿಂದ ಹಾರಿ ಸಾಯುವುದೇ ಲೇಸೆಂದು ನಿರ್ಧರಿಸಿದ ಗ್ರೀಕ್ ತಾಯಂದಿರ ಕಥೆ ಅದು. ಈ ಚಿತ್ರ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಮುಂದೆ ಗಯಟೆ, ಡಾಂಟೆ, ಬೈರನ್ನರ ಕಾವ್ಯಪಾತ್ರಗಳು ಅವನ ನೆಚ್ಚಿನ ವಸ್ತುಗಳಾದವು. ವರ್ಸೇಲ್ಸ್ ಅರಮನೆಯ ಐತಿಹಾಸಿಕ ಚಿತ್ರಶಾಲೆಗಾಗಿ ಸರ್ಕಾರ ಅವನಿಂದ ಯುದ್ಧಚಿತ್ರಗಳನ್ನೂ ಬರೆಸಿತು. 1837ರ ಸಾರ್ವಜನಿಕ ಪ್ರದರ್ಶನದಲ್ಲಿ ತೋರಿಸಿದ ‘ಸಾಂತ್ವನ ನೀಡುವ ಕ್ರಿಸ್ತ’ ಎಂಬ ಚಿತ್ರದ ಅಚ್ಚುಪ್ರತಿಗಳು ಯೂರೋಪಿನ ಮನೆಮನೆಗಳನ್ನು ಹೊಕ್ಕವು. ಆ ಕಾಲದಲ್ಲಿ ಚಿತ್ರಕಾರನ ಹೆಸರು ಹರಡುತ್ತಿದ್ದುದು ಮುಖ್ಯವಾಗಿ ಇಂಥ ಅಚ್ಚುಪ್ರತಿಗಳ ಮೂಲಕ. ಅವನ್ನು ಪ್ರಕಟಿಸಿ ಮಾರುತ್ತಿದ್ದ ಗೂಪಿಲ್ ಸಂಸ್ಥೆ ಮುಂದೆ ಇದೇ ಷಾಪ್ತಾಲ್ ಬೀದಿಯ 9ನೇ ಸಂಖ್ಯೆಯ ಕಟ್ಟಡದಲ್ಲಿ ನೆಲೆಗೊಂಡಿತು. ಆ ಸಂಸ್ಥೆಯ ಪ್ಯಾರಿಸ್ ಶಾಖೆಯಲ್ಲಿ 1875ರಿಂದ ಒಂದು ವರ್ಷದಷ್ಟು ಕಾಲ ಗುಮಾಸ್ತನಾಗಿ ದುಡಿದ ಯುವಕ ವಿನ್ಸೆಂಟ್ ವ್ಯಾನ್ ಗೋ. ಶೆಫರ್‌ನ ಕ್ರಿಸ್ತನ ಚಿತ್ರವನ್ನು ಅವನೂ ಬಹಳವಾಗಿ ಮೆಚ್ಚಿದ್ದ.

ಶುಕ್ರವಾರದ ಸಂಜೆಗಳು

ಶುಕ್ರವಾರ ಸಂಜೆಗಳಲ್ಲಿ ಶೆಫರ್‌ನ ಚಿತ್ರಶಾಲೆ ಗೋಷ್ಠಿಮಂದಿರವಾಗುತ್ತಿತ್ತು. ನೆರೆಮನೆಯವರಂತಿದ್ದ ಶೋಪ್ಯಾನ್ ಮತ್ತು ಜಾರ್ಜ್ ಸ್ಯಾಂಡ್ ಬರುತ್ತಿದ್ದರು. ಹಂಗೇರಿಯ ಪಿಯಾನೋ ಮಾಂತ್ರಿಕ ಫ್ರಾಂಜ್ ಲಿಸ್ಟ್, ಇಟಲಿಯ ಸಂಗೀತಕಾರ ರೊಸ್ಸೀನಿ, ಸಹಪಾಠಿ ಡೆಲಾಕ್ರಾ, ರಷ್ಯಾದ ಕಾದಂಬರಿಕಾರ ತುರ್ಗೆನೆವ್ ಮೊದಲಾದವರೂ ಈ ಮನೆಯ ಅತಿಥಿಗಳಾಗಿದ್ದರು. ಖ್ಯಾತ ಗಾಯಕಿ ಪೋಲೀನ್ ವಿಯಾರ್ದೊ ಶೆಫರ್‌ನ ಆಪ್ತ ಸ್ನೇಹಿತೆ. ಅವನು 1840ರಲ್ಲಿ ಬರೆದ ಅವಳ ಭಾವಚಿತ್ರ ಈಗ ಇದೇ ಮನೆಯ ಸಂಗ್ರಹದಲ್ಲಿದೆ. ಶೋಪ್ಯಾನ್‌ನ ಭಾವಚಿತ್ರವನ್ನು 1847ರಲ್ಲಿ ಬರೆದ. ಅದು ಡೋರ್ಡ್ರೆಕ್ಟ್ ಪಟ್ಟಣದ ಸಂಗ್ರಹಾಲಯದಲ್ಲಿದೆ.

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1855-56ರ ಚಳಿಗಾಲವನ್ನು ಪ್ಯಾರಿಸ್ಸಿನಲ್ಲಿ ಕಳೆದಾಗ ಶೆಫರ್‌ನ ಮುಂದೆ ಭಾವಚಿತ್ರಕ್ಕೆ ಕುಳಿತ. ಆಗ ಅವನು ‘ಲಿಟಲ್ ಡೋರಿಟ್’ ಕಾದಂಬರಿಯನ್ನು ಕಂತುಗಳಲ್ಲಿ ಬರೆಯುತ್ತಿದ್ದ. ಗಂಟೆಗಟ್ಟಲೆ ಅಲುಗದೆ ಕೂರುವುದು ಆ ಚಡಪಡಿಕೆಯ ಮನುಷ್ಯನಿಗೆ ಬೇಸರ ತರಿಸಿತು. ಚಿತ್ರ ತನ್ನನ್ನು ಹೋಲುವುದಿಲ್ಲವೆಂದೂ ಅವನಿಗನ್ನಿಸಿತು. ಆದರೂ ಚಿತ್ರಕಾರನ ಮೇಲಿನ ವಿಶ್ವಾಸ ಕುಂದಲಿಲ್ಲ. ಶೆಫರ್‌ನ ಚಿತ್ರಶಾಲೆಯಲ್ಲಿ ಸುಮಾರು 60 ಜನರ ಮುಂದೆ ಡಿಕನ್ಸ್ ತನ್ನ ಕ್ರಿಸ್‌ಮಸ್ ಕಥೆಗಳಲ್ಲೊಂದಾದ ‘ದಿ ಕ್ರಿಕೆಟ್ ಆನ್ ದಿ ಹಾರ್ತ್’ ಅನ್ನು ಓದಿ ಹೇಳಿದ. ಆ ಭಾವಚಿತ್ರ ಇಂದು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಶಾಲೆಯಲ್ಲಿದೆ.

ಈ ಮನೆ ಬಂದವರನ್ನು ಸತ್ಕರಿಸಿದ್ದಷ್ಟೇ ಅಲ್ಲ, ಬಾಗಿಲು ಮುಚ್ಚಿಸಿಕೊಂಡವರಿಗೆ ಆಶ್ರಯವನ್ನೂ ಕೊಟ್ಟಿತು. ಆ ಕಾಲದಲ್ಲಿ ಫ್ರಾನ್ಸಿನ ಚಿತ್ರಕಾರರು ಬೆಳಕಿಗೆ ಬರಬೇಕಾದರೆ ‘ಸಲೋನ್’ ಎಂಬ ಸರ್ಕಾರಿ ಪ್ರದರ್ಶನವೇ ದಾರಿ. ಅದರ ಆಯ್ಕೆ ಸಮಿತಿ ಒಪ್ಪದಿದ್ದರೆ ಚಿತ್ರವನ್ನು ನೋಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. 1836ರಲ್ಲಿ ಯುವ ಭೂದೃಶ್ಯ ಚಿತ್ರಕಾರ ತಿಯೊಡೋರ್ ರೂಸೋನ ಚಿತ್ರವನ್ನು ಸಮಿತಿ ತಿರಸ್ಕರಿಸಿತು. ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ದನದ ಹಿಂಡು ಇಳಿದು ಬರುವ ನೋಟದ ದೊಡ್ಡ ಚಿತ್ರವದು. ಶೆಫರ್ ಅದನ್ನು ತನ್ನ ಚಿತ್ರಶಾಲೆಗೆ ತರಿಸಿ, ಎಲ್ಲರೂ ಬಂದು ನೋಡುವಂತೆ ಮಾಡಿದ. ರಾಜಪರಿವಾರದ ಕೃಪೆಗೆ ಪಾತ್ರನಾದ ಚಿತ್ರಕಾರನೊಬ್ಬ ಸರ್ಕಾರಿ ಸಮಿತಿಯ ತೀರ್ಪನ್ನು ಹೀಗೆ ಬಹಿರಂಗವಾಗಿ ಪ್ರಶ್ನಿಸಿದ್ದು ಸಣ್ಣ ಮಾತಲ್ಲ. ರೂಸೋ ಮುಂದೆ ಬಾರ್ಬಿಜೋನ್ ಪಂಥದ ಅಗ್ರಗಣ್ಯನೆನಿಸಿದ.

ಎರಡು ಕ್ರಾಂತಿಗಳ ನಡುವೆ

ಶೆಫರ್ ಈ ಮನೆಯಲ್ಲಿ ಬಿಡಾರ ಹೂಡಿದ ವರ್ಷವೇ ಪ್ಯಾರಿಸ್ಸಿನಲ್ಲಿ ಜುಲೈ ಕ್ರಾಂತಿ ನಡೆಯಿತು. ಹತ್ತನೆಯ ಚಾರ್ಲ್ಸ್ ಪದಚ್ಯುತನಾದ. 1830ರ ಜುಲೈ 30ರಂದು ಪತ್ರಕರ್ತ ಅದೋಲ್ಫ್ ತ್ಯೇರ್‌ನೊಡನೆ ಶೆಫರ್ ನ್ಯೂಯಿಯ ಅರಮನೆಗೆ ಹೋದ. ಲೂಯಿ ಫಿಲಿಪ್ ಸಿಂಹಾಸನವನ್ನು ಒಪ್ಪಿಕೊಳ್ಳಬೇಕೆಂಬ ಸಂದೇಶವನ್ನು ಇಬ್ಬರೂ ಒಯ್ದಿದ್ದರು. ಡ್ಯೂಕ್ ಅಲ್ಲಿರಲಿಲ್ಲ. ಆತನ ಪತ್ನಿ ಮತ್ತು ಸಹೋದರಿಯ ಮುಂದೆ ವಿಷಯ ಅರುಹಿದರು. ಕೆಲವೇ ದಿನಗಳಲ್ಲಿ ಲೂಯಿ ಫಿಲಿಪ್ ಫ್ರೆಂಚರ ದೊರೆಯಾದ.

ಹದಿನೆಂಟು ವರ್ಷಗಳ ಬಳಿಕ, 1848ರ ಫೆಬ್ರುವರಿ 24ರಂದು, ಇನ್ನೊಂದು ಕ್ರಾಂತಿ ಅದೇ ದೊರೆಯನ್ನು ಅರಮನೆಯಿಂದ ಹೊರಡಿಸಿತು. ಅಂದು ರಾಷ್ಟ್ರೀಯ ರಕ್ಷಣಾ ದಳದ ಕ್ಯಾಪ್ಟನ್ ಆಗಿದ್ದ ಶೆಫರ್ ದೊರೆ ಮತ್ತು ರಾಣಿ ಗಾಡಿ ಏರುವವರೆಗೆ ಅವರ ಜೊತೆಗಿದ್ದ. ಬರಮಾಡಿಕೊಂಡವನೇ ಬೀಳ್ಕೊಡಬೇಕಾಯಿತು.

ಆ ಮೇಲೆ ಶೆಫರ್ ಸಾರ್ವಜನಿಕ ಬದುಕಿನಿಂದ ದೂರವಾದ. ಮೂರನೆಯ ನೆಪೋಲಿಯನ್ನನ ಆಳ್ವಿಕೆ ಅವನಿಗೆ ಒಗ್ಗಲಿಲ್ಲ. 1846ರಿಂದಲೇ ಸಲೋನ್ ಪ್ರದರ್ಶನಕ್ಕೆ ಚಿತ್ರ ಕಳಿಸುವುದನ್ನು ನಿಲ್ಲಿಸಿದ್ದ. ಗಡೀಪಾರಾದ ರಾಜಕುಟುಂಬದ ಮೇಲಿನ ನಿಷ್ಠೆ ಮಾತ್ರ ಬಿಡಲಿಲ್ಲ. 1858ರ ಮೇ ತಿಂಗಳಲ್ಲಿ ಓರ್ಲೆಯಾಂ ಮನೆತನದ ಡಚೆಸ್ ಹೆಲೆನ್ ಇಂಗ್ಲೆಂಡಿನಲ್ಲಿ ತೀರಿಕೊಂಡಾಗ, ಹೃದ್ರೋಗದಿಂದ ಬಳಲುತ್ತಿದ್ದರೂ ವೈದ್ಯರ ಮಾತು ಕೇಳದೆ ಅಂತ್ಯಸಂಸ್ಕಾರಕ್ಕೆ ಹೋದ. ಆ ಪ್ರಯಾಣದ ದಣಿವಿನಿಂದ ಚೇತರಿಸಿಕೊಳ್ಳಲಿಲ್ಲ. ಅದೇ ಜೂನ್ 15ರಂದು ಪ್ಯಾರಿಸ್ ಸಮೀಪದ ಆರ್ಜಾಂತೆಯಲ್ಲಿ ಕೊನೆಯುಸಿರೆಳೆದ.

ಕೀರ್ತಿಯ ಇಳಿತ

ಶೆಫರ್ ಬದುಕಿದ್ದಾಗಲೇ ಅವನ ಕಲೆಯ ವಿರುದ್ಧ ಕಟು ಟೀಕೆಗಳು ಎದ್ದಿದ್ದವು. ಪಿ. ಲಂಕೇಶರ ‘ಪಾಪದ ಹೂಗಳು’ ಅನುವಾದದ ಮೂಲಕ ಕನ್ನಡಿಗರಿಗೆ ಪರಿಚಿತನಾದ ಕವಿ ಬೋದಿಲೇರ್ ಆಗ ಕಲಾವಿಮರ್ಶಕನೂ ಆಗಿದ್ದ. 1846ರ ಪ್ರದರ್ಶನವನ್ನು ಕುರಿತ ತನ್ನ ಕೃತಿಯಲ್ಲಿ ಅವನು ಶೆಫರ್‌ನ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಅಧ್ಯಾಯವನ್ನು ಬರೆದ. ಭಾವುಕತೆಯನ್ನು ಅಣಕಿಸುವ ಮಂಗಗಳ ಸಾಲಿಗೆ ಶೆಫರ್‌ನನ್ನೂ ಸೇರಿಸಿದ. ಬಣ್ಣದಿಂದ ಸಾಧಿಸಬೇಕಾದುದನ್ನು ಕಾವ್ಯದಿಂದ ಎರವಲು ತರುತ್ತಾನೆ ಎಂಬುದು ಟೀಕೆಯ ತಿರುಳು.

ಈ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಶೆಫರ್‌ನ ಆರಂಭದ ಚಿತ್ರಗಳಲ್ಲಿ ಕಾಣುವ ಬಿರುಸು, ವರ್ಣವೈಭವ ಕ್ರಮೇಣ ತಗ್ಗಿ, ಮಸುಕಾದ ಬಣ್ಣಗಳೂ ಮೇಲ್ನೋಟದ ಕಣ್ಣುಗಳೂ ಹೆಚ್ಚಿದವು. ಭಕ್ತರಿಗೆ ಅದು ಹಿಡಿಸಿತು, ಹೊಸ ಪೀಳಿಗೆಯ ಚಿತ್ರಕಾರರಿಗೆ ಹಿಡಿಸಲಿಲ್ಲ. ವಾಸ್ತವವಾದ, ಆ ಮೇಲೆ ಇಂಪ್ರೆಷನಿಸಂ ಬಂದಂತೆ ಶೆಫರ್‌ನ ಹೆಸರು ಹಿಂದೆ ಸರಿಯಿತು. ಆದರೆ ಅವನ ಭಾವಚಿತ್ರಗಳ ವಿಷಯ ಬೇರೆ. ಕಾವ್ಯಪಾತ್ರಗಳನ್ನು ಬಿಟ್ಟು ಎದುರಿಗೆ ಕುಳಿತ ಮನುಷ್ಯನನ್ನು ನೋಡಿ ಬರೆದಾಗ ಅವನ ಕೈ ಹೆಚ್ಚು ಸಂಯಮದಿಂದ, ಹೆಚ್ಚು ನಿಖರವಾಗಿ ನಡೆದಿದೆ.

ಮನೆಯನ್ನು ಕಾಪಾಡಿದವರು

ಶೆಫರ್‌ಗೆ ಒಬ್ಬಳೇ ಮಗಳು, ಕಾರ್ನೇಲಿಯಾ. 1830ರಲ್ಲಿ ಹುಟ್ಟಿದ ಅವಳಿಗೆ ಅಜ್ಜಿಯ ಹೆಸರನ್ನೇ ಇಡಲಾಗಿತ್ತು. ಅವಳೂ ಕಲಾವಿದೆ. ಶಸ್ತ್ರವೈದ್ಯ ರೆನೆ ಮಾರ್ಜೊಲ್ಯಾನ್‌ನನ್ನು ಮದುವೆಯಾಗಿದ್ದಳು. ತಂದೆ ಬಾಡಿಗೆಗಿದ್ದ ಮನೆಯನ್ನು ಅವನ ಮರಣಾನಂತರ ಅವಳು ಕೊಂಡುಕೊಂಡಳು. ಚಿತ್ರಶಾಲೆಯನ್ನು ತಂದೆಯ ಕಾಲದಲ್ಲಿದ್ದಂತೆಯೇ ಕಾಪಾಡಿದಳು. 1862ರಲ್ಲಿ ಡೋರ್ಡ್ರೆಕ್ಟ್ ಪಟ್ಟಣದಲ್ಲಿ ಶೆಫರ್‌ನ ಪ್ರತಿಮೆ ಸ್ಥಾಪನೆಯಾಯಿತು. 1899ರಲ್ಲಿ ತೀರಿಕೊಳ್ಳುವ ಮುನ್ನ ಕಾರ್ನೇಲಿಯಾ ತನ್ನಲ್ಲಿದ್ದ ತಂದೆಯ ಕೃತಿಗಳ ಬಹುಭಾಗವನ್ನು ಅವನ ಹುಟ್ಟೂರಿಗೆ ಉಯಿಲು ಮಾಡಿಟ್ಟಳು. ಶೆಫರ್‌ನ ಕೃತಿಗಳ ದೊಡ್ಡ ಸಂಗ್ರಹ ಇಂದು ಪ್ಯಾರಿಸ್ಸಿಗಿಂತ ಡೋರ್ಡ್ರೆಕ್ಟ್‌ನಲ್ಲಿರಲು ಇದೇ ಕಾರಣ.

ಕಾರ್ನೇಲಿಯಾಳಿಗೆ ಮಕ್ಕಳಿರಲಿಲ್ಲ. ಮನೆ ಬಂಧುವರ್ಗದ ನೊಯೆಮಿ ರೆನಾನ್‌ಳ ಕೈಗೆ ಬಂತು. ಶೆಫರ್‌ನ ತಮ್ಮ ಹೆನ್ರಿಯೂ ಚಿತ್ರಕಾರ. ಹೆನ್ರಿಯ ಮಗಳು ಕಾರ್ನೆಲಿಯನ್ನು 1856ರಲ್ಲಿ ಎರ್ನೆಸ್ಟ್ ರೆನಾನ್ ಎಂಬ ವಿದ್ವಾಂಸ ಮದುವೆಯಾಗಿದ್ದ. ಕ್ರಿಸ್ತನನ್ನು ಇತಿಹಾಸದ ವ್ಯಕ್ತಿಯಾಗಿ ಚಿತ್ರಿಸಿ 1863ರಲ್ಲಿ ಅವನು ಪ್ರಕಟಿಸಿದ ‘ಯೇಸುವಿನ ಜೀವನ’ ಕೃತಿ ಯೂರೋಪಿನಾದ್ಯಂತ ಕೋಲಾಹಲ ಎಬ್ಬಿಸಿತು. ಅವನ ಮಗಳೇ ನೊಯೆಮಿ. ಗ್ರೀಕ್ ಭಾಷಾ ವಿದ್ವಾಂಸ ಜಾನ್ ಪ್ಸಿಖಾರಿಯ ಪತ್ನಿಯಾದ ಆಕೆಯ ಕಾಲದಲ್ಲಿ ಮನೆಯ ಗೋಷ್ಠಿಗಳು ಮತ್ತೆ ಜೀವ ತಳೆದವು. ಕಾದಂಬರಿಕಾರ ಅನತೋಲ್ ಫ್ರಾನ್ಸ್‌ನಂಥವರು ಬಂದುಹೋಗುತ್ತಿದ್ದರು. ಆಕೆಯ ಮಗ, ಲೇಖಕ ಎರ್ನೆಸ್ಟ್ ಪ್ಸಿಖಾರಿ, ಮೊದಲ ಮಹಾಯುದ್ಧದ ಆರಂಭದಲ್ಲೇ, 1914ರ ಆಗಸ್ಟ್‌ನಲ್ಲಿ ರಣರಂಗದಲ್ಲಿ ಮಡಿದ.

ನವ ಅಥೆನ್ಸ್ ಬಡಾವಣೆಯ ಎಷ್ಟೋ ಚಿತ್ರಶಾಲೆಗಳು ಬಹುಮಹಡಿ ಕಟ್ಟಡಗಳಿಗೆ ಜಾಗ ಬಿಟ್ಟುಕೊಟ್ಟ ಕಾಲ ಅದು. ತೋಟ, ಅಂಗಳಗಳೊಡನೆ ಇಂಥ ಮನೆಯನ್ನು ಉಳಿಸಿಕೊಳ್ಳುವುದು ಖರ್ಚಿನ ಕೆಲಸ. ಆದರೂ ಕುಟುಂಬ ಅದನ್ನು ಕಟ್ಟಡ ವ್ಯಾಪಾರಿಗಳಿಗೆ ಮಾರಲಿಲ್ಲ. ಸಾಂಸ್ಕೃತಿಕ ಕಾರ್ಯಕ್ಕೆ ಬಳಕೆಯಾಗಬೇಕೆಂಬ ಆಶಯದೊಡನೆ 1956ರಲ್ಲಿ ಫ್ರೆಂಚ್ ಸರ್ಕಾರಕ್ಕೆ ಕೊಟ್ಟಿತು.

ಸಂಗ್ರಹಾಲಯವಾದ ಬಗೆ

ಸರ್ಕಾರ ಈ ಮನೆಯನ್ನು 1982ರಲ್ಲಿ ಪ್ಯಾರಿಸ್ ನಗರಾಡಳಿತದ ವಶಕ್ಕೆ ನೀಡಿತು. ಮರುವರ್ಷ ನಗರದ ಇತಿಹಾಸಕ್ಕೆ ಮೀಸಲಾದ ಕಾರ್ನವಾಲೆ ಸಂಗ್ರಹಾಲಯದ ಅಂಗಸಂಸ್ಥೆಯಾಗಿ ಸಾರ್ವಜನಿಕರಿಗೆ ತೆರೆಯಿತು. ಆಗಿನ ಹೆಸರು ‘ರೆನಾನ್-ಶೆಫರ್ ಸಂಗ್ರಹಾಲಯ’. ಆದರೆ ಆ ಎರಡೂ ಹೆಸರುಗಳು ಸಾಮಾನ್ಯ ವೀಕ್ಷಕರನ್ನು ಸೆಳೆಯುವಂಥವಾಗಿರಲಿಲ್ಲ. 1987ರಲ್ಲಿ ಒಳಾಂಗಣವನ್ನು ಹೊಸದಾಗಿ ಸಜ್ಜುಗೊಳಿಸಿ, ಹೆಸರನ್ನು ‘ರಮ್ಯಜೀವನ ಸಂಗ್ರಹಾಲಯ’ ಎಂದು ಬದಲಿಸಲಾಯಿತು. ಇಬ್ಬರು ವ್ಯಕ್ತಿಗಳ ಸ್ಮಾರಕವಾಗಿದ್ದುದು ಹೀಗೆ ಒಂದು ಯುಗದ ಸ್ಮಾರಕವಾಯಿತು. 2013ರಿಂದ ನಗರದ ಸಂಗ್ರಹಾಲಯಗಳೆಲ್ಲವನ್ನೂ ನೋಡಿಕೊಳ್ಳುವ ‘ಪಾರೀ ಮ್ಯೂಸೆ’ ಸಂಸ್ಥೆಯ ಆಡಳಿತಕ್ಕೆ ಇದೂ ಸೇರಿದೆ.

ನೆಲ ಅಂತಸ್ತು: ಜಾರ್ಜ್ ಸ್ಯಾಂಡ್ ನೆನಪುಗಳು

ನೆಲ ಅಂತಸ್ತಿನ ಕೋಣೆಗಳು ಜಾರ್ಜ್ ಸ್ಯಾಂಡ್‌ಗೆ ಮೀಸಲು. 1804ರಲ್ಲಿ ಹುಟ್ಟಿದ ಈಕೆಯ ನಿಜನಾಮ ಅಮಾಂತಿನ್ ಅರೋರ್ ದ್ಯುಪ್ಯಾನ್. ಗಂಡಿನ ಹೆಸರಿನಲ್ಲಿ ಬರೆದು, ಗಂಡಿನ ಉಡುಪು ತೊಟ್ಟು, ಕಾದಂಬರಿಯಿಂದಲೇ ಜೀವನ ನಡೆಸಿ ಆ ಕಾಲದ ಸಮಾಜವನ್ನು ಬೆರಗಾಗಿಸಿದವಳು. ಈಕೆಯ ಮೊಮ್ಮಗಳು ಅರೋರ್ 1923ರಲ್ಲಿ ಅಜ್ಜಿಯ ವಸ್ತುಗಳನ್ನು ಪ್ಯಾರಿಸ್ ನಗರಕ್ಕೆ ದಾನವಾಗಿ ಕೊಟ್ಟಳು. ಮೊದಲು ಕಾರ್ನವಾಲೆಯಲ್ಲಿದ್ದ ಆ ಸಂಗ್ರಹ ಆ ಬಳಿಕ ಇಲ್ಲಿಗೆ ಬಂತು. ಪೀಠೋಪಕರಣಗಳು, ಆಭರಣಗಳು, ಪೂರ್ವಿಕರ ಭಾವಚಿತ್ರಗಳು ಇದರಲ್ಲಿವೆ. ಹದಿನೆಂಟನೆಯ ಶತಮಾನದ ಪ್ರಸಿದ್ಧ ಸೇನಾನಿ ಮಾರ್ಷಲ್ ಸಾಕ್ಸ್ ಈಕೆಯ ಮುತ್ತಜ್ಜ. ಓಗ್ಯುಸ್ತ್ ಶಾರ್ಪಾಂತಿಯೇ 1838ರಲ್ಲಿ ಬರೆದ ಸ್ಯಾಂಡ್ ಭಾವಚಿತ್ರ ಇಲ್ಲಿನ ಮುಖ್ಯ ಆಕರ್ಷಣೆ.

ಈ ಸಂಗ್ರಹದ ಎರಡು ಪ್ಲಾಸ್ಟರ್ ಅಚ್ಚುಗಳ ಮುಂದೆ ವೀಕ್ಷಕರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಒಂದು ಜಾರ್ಜ್ ಸ್ಯಾಂಡ್‌ಳ ಬಲತೋಳು, ಮತ್ತೊಂದು ಶೋಪ್ಯಾನ್‌ನ ಎಡಗೈ. ಒಂಬತ್ತು ವರ್ಷ ಜೊತೆಯಾಗಿ ಬಾಳಿದವರ ಕೈಗಳು ಇವು. ಎರಡನ್ನೂ ಎರಕ ಹೊಯ್ದವನು ಶಿಲ್ಪಿ ಓಗ್ಯುಸ್ತ್ ಕ್ಲೆಸ್ಯಾಂಜೆ. 1847ರಲ್ಲಿ ಅವನು ಸ್ಯಾಂಡ್‌ಳ ಮಗಳು ಸೊಲಾಂಜಳನ್ನು ಮದುವೆಯಾದ. ಆ ಮದುವೆಯ ಬೆನ್ನಿಗೇ ಹಣದ ಜಗಳ, ಮನೆಯೊಳಗಿನ ಹೊಡೆದಾಟ ನಡೆದು ತಾಯಿ ಮಗಳು ದೂರವಾದರು. ಶೋಪ್ಯಾನ್ ಮಗಳ ಪರ ನಿಂತ. ಅಲ್ಲಿಗೆ ಸ್ಯಾಂಡ್ ಮತ್ತು ಶೋಪ್ಯಾನ್‌ರ ಸಂಬಂಧ ಮುರಿದುಬಿತ್ತು. ಎರಡು ವರ್ಷಗಳ ಬಳಿಕ, 1849ರ ಅಕ್ಟೋಬರ್‌ನಲ್ಲಿ ಶೋಪ್ಯಾನ್ ತೀರಿಕೊಂಡಾಗ ಅವನ ಮುಖದ ಅಚ್ಚು ತೆಗೆದವನೂ, ಪೇರ್ ಲಾಶೇಜ್ ಸ್ಮಶಾನದಲ್ಲಿ ಸಮಾಧಿಯ ಶಿಲ್ಪವನ್ನು ಕಡೆದವನೂ ಇದೇ ಕ್ಲೆಸ್ಯಾಂಜೆ. ಇಷ್ಟು ಕಥೆ ತಿಳಿದು ನೋಡಿದವರಿಗೆ ಆ ಎರಡು ಕೈಗಳು ಬರೀ ಪ್ಲಾಸ್ಟರ್ ತುಂಡುಗಳಾಗಿ ಕಾಣವು.

ಸ್ಯಾಂಡ್ ಬರೆದ ನೀರುಬಣ್ಣದ ಚಿತ್ರಗಳೂ ಇಲ್ಲಿವೆ. ಇವಕ್ಕೆ ಆಕೆ ‘ದಾಂದ್ರೀತ್’ ಎಂಬ ಹೆಸರಿಟ್ಟಿದ್ದಳು. ದಪ್ಪ ಕಾಗದದ ಮೇಲೆ ಹಸಿ ಬಣ್ಣವನ್ನಿಟ್ಟು ಒತ್ತಿ ಎತ್ತಿದರೆ ಬಣ್ಣ ಮರದ ಕೊಂಬೆಗಳಂತೆ, ಕಲ್ಲಿನೊಳಗಿನ ಗೆರೆಗಳಂತೆ ಕವಲೊಡೆಯುತ್ತದೆ. ತಾನಾಗಿ ಮೂಡಿದ ಆ ಆಕಾರಗಳಲ್ಲಿ ಕಾಡು, ಬಂಡೆ, ಕೊಳಗಳನ್ನು ಕಂಡುಕೊಂಡು, ಕುಂಚದಿಂದ ತಿದ್ದಿ ಭೂದೃಶ್ಯಗಳನ್ನಾಗಿ ಮಾಡುತ್ತಿದ್ದಳು. ಇಳಿವಯಸ್ಸಿನಲ್ಲಿ ನೊಯಾನ್ ಗ್ರಾಮದ ಮನೆಯಲ್ಲಿ ಈ ಆಟ ಅವಳಿಗೆ ನೆಚ್ಚಿನದಾಗಿತ್ತು. 1876ರಲ್ಲಿ ಅಲ್ಲೇ ತೀರಿಕೊಂಡಳು.

ಮೇಲಂತಸ್ತು ಮತ್ತು ಚಿತ್ರಶಾಲೆಗಳು

ಮೆಟ್ಟಿಲೇರಿದರೆ ಶೆಫರ್ ಮತ್ತು ಅವನ ಸಮಕಾಲೀನರ ಕೃತಿಗಳು ಎದುರಾಗುತ್ತವೆ. ಬೈರನ್ನನ ಕಾವ್ಯದಿಂದ ಎತ್ತಿಕೊಂಡ ‘ಜಾವೂರ್’ (1832) ಚಿತ್ರದಲ್ಲಿ ಯುವ ಶೆಫರ್‌ನ ಬಿರುಸು ಕಾಣುತ್ತದೆ. ಗಯಟೆಯ ನಾಟಕವನ್ನಾಧರಿಸಿದ ‘ತೋಟದಲ್ಲಿ ಫೌಸ್ಟ್ ಮತ್ತು ಮಾರ್ಗರೀತ್’ (1846) ಅವನ ನಂತರದ ಮೆದು ಶೈಲಿಗೆ ನಿದರ್ಶನ. ಇವೆರಡನ್ನೂ ನೋಡಿದರೆ ಬೋದಿಲೇರ್‌ನ ಟೀಕೆ ಎಲ್ಲಿಂದ ಹುಟ್ಟಿತೆಂಬುದು ತಾನಾಗಿ ತಿಳಿಯುತ್ತದೆ. ಪೋಲೀನ್ ವಿಯಾರ್ದೊಳ ಭಾವಚಿತ್ರವನ್ನೂ, 1844ರಲ್ಲಿ ಬರೆದ ಜ್ವಾನ್‌ವೀಲ್ ರಾಜಕುಮಾರಿಯ ಭಾವಚಿತ್ರವನ್ನೂ ನೋಡಿದರೆ ಆ ಟೀಕೆಯ ಮಿತಿಯೂ ತಿಳಿಯುತ್ತದೆ.

ಅಂಗಳದ ಚಿತ್ರಶಾಲೆಗಳನ್ನು ಗೋಷ್ಠಿಗಳ ನೆನಪನ್ನು ತರುವಂತೆ ಸಜ್ಜುಗೊಳಿಸಲಾಗಿದೆ. ತಾತ್ಕಾಲಿಕ ಪ್ರದರ್ಶನಗಳಿಗೂ ಇವೇ ತಾಣ. ಗುಲಾಬಿ ಗಿಡಗಳ ಕಿರುತೋಟ ನಗರದ ಗದ್ದಲವನ್ನು ಮರೆಸುತ್ತದೆ.

ಅಸಲು ಯಾವುದು, ಕಲ್ಪಿತ ಯಾವುದು

ಈ ಮನೆಯನ್ನು ನೋಡುವಾಗ ಒಂದು ವಿಷಯ ನೆನಪಿನಲ್ಲಿರಬೇಕು. ಜಾರ್ಜ್ ಸ್ಯಾಂಡ್ ಇಲ್ಲಿ ಎಂದೂ ವಾಸವಾಗಿರಲಿಲ್ಲ. ಅತಿಥಿಯಾಗಿ ಮಾತ್ರ ಬಂದಿದ್ದಳು. ಅವಳ ಹೆಸರಿನ ಕೋಣೆಯ ವಸ್ತುಗಳು ಅಸಲು, ಕೋಣೆ ಮಾತ್ರ ಅವಳದಲ್ಲ. ಗೋಡೆಯ ಬಣ್ಣ, ಪರದೆ, ಜೋಡಣೆಗಳು 1980ರ ದಶಕದಲ್ಲಿ ಆ ಯುಗದ ಅಭಿರುಚಿಯನ್ನು ಊಹಿಸಿ ರೂಪಿಸಿದವು. ಅತ್ತ ಶೆಫರ್ ಬರೆದ ಚಿತ್ರಗಳ ಬಹುಪಾಲು ಹಾಲೆಂಡಿನಲ್ಲಿದೆ. ಕಟ್ಟಡ, ಅಂಗಳ, ಚಿತ್ರಶಾಲೆಗಳ ಬೆಳಕು ಮಾತ್ರ ನಿಜವಾಗಿ ಅಂದಿನವು.

ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ಆದರೆ ಸಂಗ್ರಹಾಲಯದ ಹೆಸರಿನಲ್ಲೇ ಉತ್ತರವಿದೆ. ಅದು ‘ರಮ್ಯಕಲೆ’ಯ ಸಂಗ್ರಹಾಲಯವೆಂದು ಕರೆದುಕೊಂಡಿಲ್ಲ, ‘ರಮ್ಯಜೀವನ’ದ್ದೆಂದು ಕರೆದುಕೊಂಡಿದೆ. ಆ ಯುಗದ ಮೇರುಕೃತಿಗಳನ್ನು ಕಾಣಬಯಸುವವರು ಲೂವ್ರ್‌ಗೆ ಹೋಗಬೇಕು. ಅಲ್ಲಿ ಡೆಲಾಕ್ರಾ, ಜೆರಿಕೋರ ಬೃಹತ್ ಚಿತ್ರಗಳು ಎತ್ತರದ ಗೋಡೆಗಳಲ್ಲಿ ತೂಗುತ್ತವೆ. ಅವನ್ನು ಬರೆದ ಕಾಲದ ಜನ ಎಷ್ಟು ಚಿಕ್ಕ ಕೋಣೆಗಳಲ್ಲಿ ಒಟ್ಟಿಗೆ ಕುಳಿತು ಹಾಡು ಕೇಳುತ್ತಿದ್ದರು, ಚಿತ್ರಕಾರ, ಗಾಯಕಿ, ಕಾದಂಬರಿಕಾರರು ಎಷ್ಟು ಹತ್ತಿರ ಹತ್ತಿರ ಬಾಳಿದ್ದರು ಎಂಬುದು ಮಾತ್ರ ಇಂಥ ಮನೆಯಲ್ಲೇ ಅರಿವಾಗುವುದು.

ಇದೇ ಬಗೆಯ ಇತರ ಮನೆಗಳು

ಪ್ಯಾರಿಸ್ಸಿನಲ್ಲೇ ಫ್ಯೂರ್‌ಸ್ಟೆನ್‌ಬೆರ್ಗ್ ಬೀದಿಯಲ್ಲಿ ಡೆಲಾಕ್ರಾ ತನ್ನ ಕೊನೆಯ ವರ್ಷಗಳನ್ನು ಕಳೆದ ಮನೆಯಿದೆ. 1857ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಬಂದ ಅವನು 1863ರಲ್ಲಿ ಅಲ್ಲೇ ತೀರಿಕೊಂಡ. 1920ರ ದಶಕದಲ್ಲಿ ಅದರ ಚಿತ್ರಶಾಲೆಯನ್ನು ಕೆಡವುವ ಮಾತು ಬಂದಾಗ ಮೋರೀಸ್ ದನಿ, ಪೋಲ್ ಸಿನ್ಯಾಕ್ ಮೊದಲಾದ ಚಿತ್ರಕಾರರು ಮುಂದಾಗಿ ಉಳಿಸಿಕೊಂಡರು. 1971ರಲ್ಲಿ ಅದು ರಾಷ್ಟ್ರೀಯ ಸಂಗ್ರಹಾಲಯವಾಯಿತು. ವಿಕ್ಟರ್ ಹ್ಯೂಗೊ 1832ರಿಂದ 1848ರವರೆಗೆ ವಾಸವಾಗಿದ್ದ ಮನೆ 1903ರಿಂದಲೇ ಸಂಗ್ರಹಾಲಯವಾಗಿದೆ. ರೋಮ್ ನಗರದಲ್ಲಿ ಕವಿ ಕೀಟ್ಸ್ 1821ರಲ್ಲಿ ಕೊನೆಯುಸಿರೆಳೆದ ಮನೆ ಕೀಟ್ಸ್-ಶೆಲ್ಲಿ ಸ್ಮಾರಕವಾಗಿ 1909ರಲ್ಲಿ ತೆರೆಯಿತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 1924ರಲ್ಲಿ ಆರಂಭವಾದ ರಮ್ಯಯುಗದ ಸಂಗ್ರಹಾಲಯವೂ ಒಂದು ಹಳೆಯ ಮಹಲಿನಲ್ಲಿದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಗಯಟೆ ಹುಟ್ಟಿದ ಮನೆಯ ಪಕ್ಕದಲ್ಲೇ 2021ರಲ್ಲಿ ಜರ್ಮನ್ ರಮ್ಯಪಂಥದ ಸಂಗ್ರಹಾಲಯ ತೆರೆಯಿತು.

ಡೆಲಾಕ್ರಾ, ಹ್ಯೂಗೊ, ಕೀಟ್ಸರ ಮನೆಗಳನ್ನು ಉಳಿಸಿದ್ದು ಆ ಮಹನೀಯರ ಹೆಸರಿನ ಬಲ. ಷಾಪ್ತಾಲ್ ಬೀದಿಯ ಮನೆಗೆ ಅಂಥ ಹೆಸರಿನ ಆಸರೆ ಇರಲಿಲ್ಲ. ಕಲಾವಿಮರ್ಶೆ ಶೆಫರ್‌ನನ್ನು ಕೈಬಿಟ್ಟ ಮೇಲೂ ಮಗಳೊಬ್ಬಳು ಚಿತ್ರಶಾಲೆಗೆ ಬೀಗ ಹಾಕದೆ ಕಾಯ್ದಳು. ತಮ್ಮನ ಮೊಮ್ಮಗಳು ಅದನ್ನು ಮುಂದುವರಿಸಿದಳು. ಮತ್ತೊಂದು ಮನೆತನದ ಮೊಮ್ಮಗಳು ತನ್ನ ಅಜ್ಜಿಯ ವಸ್ತುಗಳನ್ನು ಊರಿಗೆ ಒಪ್ಪಿಸಿದಳು. ಈ ಮೂವರ ಕೆಲಸ ಸೇರಿ ಇಂದಿನ ಸಂಗ್ರಹಾಲಯವಾಗಿದೆ.

ವೀಕ್ಷಕರಿಗೆ

ಪ್ಯಾರಿಸ್ ನಗರಾಡಳಿತದ ಸಂಗ್ರಹಾಲಯಗಳ ಶಾಶ್ವತ ಸಂಗ್ರಹಗಳನ್ನು ಉಚಿತವಾಗಿ ನೋಡುವ ವ್ಯವಸ್ಥೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಈ ಮನೆಗೂ ಅದು ಅನ್ವಯಿಸಿತು. ತಾತ್ಕ‍ಾಲಿಕ ಪ್ರದರ್ಶನಗಳಿಗೆ ಟಿಕೆಟ್ ಇರುತ್ತದೆ. ಕಟ್ಟಡದ ದುರಸ್ತಿ ಮತ್ತು ನವೀಕರಣಕ್ಕಾಗಿ 2024ರ ಸೆಪ್ಟೆಂಬರ್‌ನಲ್ಲಿ ಸಂಗ್ರಹಾಲಯವನ್ನು ಮುಚ್ಚಿ, 2026ರಲ್ಲಿ ಮತ್ತೆ ತೆರೆಯುವುದಾಗಿ ಪ್ರಕಟಿಸಲಾಗಿತ್ತು. ಹೋಗುವವರು ದಿನ, ವೇಳೆಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪಿಗಾಲ್ ಮತ್ತು ಸ್ಯಾನ್ ಜಾರ್ಜ್ ಮೆಟ್ರೋ ನಿಲ್ದಾಣಗಳಿಂದ ನಡೆದೇ ತಲುಪಬಹುದು. ಅಲ್ಲಿಂದ ಶೋಪ್ಯಾನ್ ವಾಸವಾಗಿದ್ದ ವಠಾರವೂ, ಶೆಫರ್‌ನ ಸಮಾಧಿಯಿರುವ ಮೋಂಮಾರ್ತ್ರ ಸ್ಮಶಾನವೂ ಹೆಚ್ಚು ದೂರವಿಲ್ಲ.